ಬುದ್ಧನ ಶೀಲ ಮತ್ತು ನಮ್ಮ ಮನೆಯ ಬಾಡಿಗೆ

ಬೆಂಗಳೂರಿನ ದಕ್ಷಿಣ ಬಡಾವಣೆಗಳಲ್ಲಿ ಬುದ್ಧನ ಮೂರ್ತಿಯಿಲ್ಲದ ಬೀದಿ ಇಂದು ಅಪರೂಪ. ನಾವು ವಾಸಿಸುವ ಬಿಳೇಕಹಳ್ಳಿಯೂ ಇದಕ್ಕೆ ಹೊರತಲ್ಲ. ಬನ್ನೇರುಘಟ್ಟ ರಸ್ತೆಯ ಬದಿಯ ಅಪಾರ್ಟ್‌ಮೆಂಟುಗಳ ಪ್ರವೇಶದ್ವಾರದಲ್ಲಿ, ದಂತವೈದ್ಯರ ಕೊಠಡಿಯಲ್ಲಿ, ಕ್ಷೌರದ ಅಂಗಡಿಯ ಕನ್ನಡಿಯ ಪಕ್ಕದಲ್ಲಿ ಆತನು ಅರೆಗಣ್ಣು ಮುಚ್ಚಿ ಕುಳಿತಿದ್ದಾನೆ. ಗೃಹಪ್ರವೇಶಕ್ಕೆ ಹೋದವರು ಉಡುಗೊರೆಯಾಗಿ ಕೊಡುವುದೂ ಆ ಮೂರ್ತಿಯನ್ನೇ. ಮುಖದ ಶಾಂತಿಯನ್ನು ಎಲ್ಲರೂ ಮೆಚ್ಚುತ್ತಾರೆ. ಆ ಶಾಂತಿ ಯಾವ ನಡತೆಯ ಫಲವೆಂದು ವಿಚಾರಿಸುವವರು ಮಾತ್ರ ವಿರಳ. ಇಂದಿನ ಸಂಸಾರಿಗರಿಗೆ ಆ ನಡತೆಯಿಂದ ಏನು ಪ್ರಯೋಜನ, ಅದನ್ನು ಪಾಲಿಸಲು ಹೊರಟರೆ ಏನು ಕಷ್ಟ ಎಂಬುದನ್ನು ನಮ್ಮ ಮನೆಯಲ್ಲಿ ನಡೆದ ಒಂದು ವಿಚಾರದ ಮೂಲಕ ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನಾವು ತಲೆತಲಾಂತರದಿಂದ ಲಿಂಗವಂತರು. ಬುದ್ಧನ ಮಾರ್ಗಕ್ಕೂ ಶರಣಮಾರ್ಗಕ್ಕೂ ಇರುವ ವ್ಯತ್ಯಾಸವನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಬುದ್ಧನು ಸೃಷ್ಟಿಕರ್ತನ ವಿಷಯವನ್ನು ತನ್ನ ಬೋಧನೆಗೆ ಆಧಾರವಾಗಿ ಇರಿಸಿಕೊಳ್ಳಲಿಲ್ಲ. ನಿತ್ಯವಾದ ಆತ್ಮವನ್ನೂ ಒಪ್ಪಲಿಲ್ಲ. ನಮ್ಮದಾದರೋ ಇಷ್ಟಲಿಂಗನಿಷ್ಠೆಯ, ಭಕ್ತಿಯ ಮಾರ್ಗ. ಆದರೆ ಈ ನೆಲದಲ್ಲಿ ಎರಡು ಮಾರ್ಗಗಳೂ ಒಂದರ ಮಗ್ಗುಲಲ್ಲಿ ಒಂದು ಬಾಳಿದ್ದುಂಟು. ಅಲ್ಲಮಪ್ರಭುದೇವರ ಊರಾದ ಬಳ್ಳಿಗಾವೆಯಲ್ಲಿ 1065ರ ಸುಮಾರಿಗೆ ಬೌದ್ಧ ವಿಹಾರವೊಂದು ನಿರ್ಮಾಣವಾದುದನ್ನು ಶಾಸನ ಹೇಳುತ್ತದೆ. ಗದಗ ಜಿಲ್ಲೆಯ ಡಂಬಳದ 1095ರ ಶಾಸನವು ಅಲ್ಲಿ ಹದಿನಾರು ಮಂದಿ ಸೆಟ್ಟಿಗಳು ವಿಹಾರ ಕಟ್ಟಿಸಿದುದನ್ನೂ, ತಾರಾದೇವಿಯ ಆರಾಧನೆಯನ್ನೂ ತಿಳಿಸುತ್ತದೆ. ಅದೇ ಡಂಬಳದ ಹೆಸರು ಮುಂದೆ ತೋಂಟದಾರ್ಯ ಮಠದೊಂದಿಗೆ ಸೇರಿ ನಮ್ಮ ಸಮಾಜದಲ್ಲಿ ಮನೆಮಾತಾಯಿತು. ಆದುದರಿಂದ ಬುದ್ಧನ ಮಾತು ನಮಗೆ ನೆರೆಮನೆಯ ಹಿರಿಯರ ಮಾತಿನಂತೆ. ಕೇಳಿದರೆ ನಮ್ಮ ಮನೆಯ ಆಚಾರಕ್ಕೆ ಕುಂದಿಲ್ಲ.

ಬುದ್ಧನು ಉಪದೇಶಿಸಿದ ಅಷ್ಟಾಂಗ ಮಾರ್ಗವನ್ನು ಶಾಲೆಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಸಮ್ಯಕ್ ದೃಷ್ಟಿ, ಸಮ್ಯಕ್ ಸಂಕಲ್ಪ, ಸಮ್ಯಕ್ ವಾಕ್, ಸಮ್ಯಕ್ ಕರ್ಮಾಂತ, ಸಮ್ಯಕ್ ಆಜೀವ, ಸಮ್ಯಕ್ ವ್ಯಾಯಾಮ, ಸಮ್ಯಕ್ ಸ್ಮೃತಿ, ಸಮ್ಯಕ್ ಸಮಾಧಿ. ಇವುಗಳಲ್ಲಿ ಕಡೆಯ ಎರಡಕ್ಕೆ ಈಗ ಬಹಳ ಬೇಡಿಕೆಯಿದೆ. ಧ್ಯಾನ ಶಿಬಿರಗಳು ತುಂಬಿರುತ್ತವೆ. ಮೊಬೈಲಿನಲ್ಲಿಯೂ ಧ್ಯಾನ ಕಲಿಸುತ್ತಾರೆ. ಎಸ್. ಎನ್. ಗೋಯೆಂಕಾ ಅವರು 1969ರಿಂದ ಭಾರತದಲ್ಲಿ ಪ್ರಚಾರಕ್ಕೆ ತಂದ ವಿಪಶ್ಯನ ಧ್ಯಾನದ ಹತ್ತು ದಿನಗಳ ಶಿಬಿರಗಳಲ್ಲಿ ಶುಲ್ಕವಿಲ್ಲ. ಆದರೆ ಅಲ್ಲಿಯೂ ಮೊದಲ ದಿನವೇ ಶೀಲಗಳನ್ನು ಸ್ವೀಕರಿಸದೆ ಧ್ಯಾನಕ್ಕೆ ಕುಳಿತುಕೊಳ್ಳುವಂತಿಲ್ಲವೆಂಬುದನ್ನು ನಾವು ಗಮನಿಸಬೇಕು. ಕೊಲ್ಲದಿರುವುದು, ಕೊಡದುದನ್ನು ತೆಗೆದುಕೊಳ್ಳದಿರುವುದು, ವ್ಯಭಿಚಾರ ಮಾಡದಿರುವುದು, ಸುಳ್ಳಾಡದಿರುವುದು, ಮತ್ತು ಬರಿಸುವ ವಸ್ತುವನ್ನು ಸೇವಿಸದಿರುವುದು ಎಂಬ ಐದು ಶೀಲಗಳು ತಳಪಾಯ. ತಳಪಾಯವಿಲ್ಲದೆ ಮಹಡಿ ಕಟ್ಟಲು ಹೊರಟರೆ ಏನಾಗುವುದೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಐದನ್ನೂ ದಿನದ ಬದುಕಿಗೆ ಬಿಗಿದು ಕಟ್ಟುವುದು ಅಷ್ಟಾಂಗ ಮಾರ್ಗದ ಐದನೆಯ ಅಂಗವಾದ ಸಮ್ಯಕ್ ಆಜೀವ, ಎಂದರೆ ಸರಿಯಾದ ಜೀವನೋಪಾಯ. ಬುದ್ಧನು ವ್ಯಾಪಾರದ ವಿರೋಧಿಯಾಗಿರಲಿಲ್ಲ. ಬೋಧಿಪ್ರಾಪ್ತಿಯ ಬಳಿಕ ಆತನಿಗೆ ಮೊದಲು ಆಹಾರ ನೀಡಿ ಉಪಾಸಕರಾದವರು ತಪುಸ್ಸ, ಭಲ್ಲಿಕರೆಂಬ ಇಬ್ಬರು ವರ್ತಕರು. ಶ್ರಾವಸ್ತಿಯ ಜೇತವನವನ್ನು ಕೊಂಡು ಸಂಘಕ್ಕೆ ಅರ್ಪಿಸಿದ ಅನಾಥಪಿಂಡಿಕನು ದೊಡ್ಡ ಸಾಹುಕಾರ. ಆದರೆ ಅಂಗುತ್ತರ ನಿಕಾಯದ ಒಂದು ಚಿಕ್ಕ ಸುತ್ತದಲ್ಲಿ ಬುದ್ಧನು ಐದು ವ್ಯಾಪಾರಗಳನ್ನು ಹೆಸರಿಸಿ, ಅವು ಉಪಾಸಕರಿಗೆ ಸಲ್ಲವೆಂದು ಸ್ಪಷ್ಟವಾಗಿ ಹೇಳಿದ್ದಾನೆ: ಆಯುಧ, ಜೀವಿಗಳು, ಮಾಂಸ, ಮದ್ಯ ಮತ್ತು ವಿಷ ಇವುಗಳ ಮಾರಾಟ. ಪಟ್ಟಿ ಚಿಕ್ಕದು. ಓದಿದವರು ‘ಇದರಲ್ಲಿ ನಮ್ಮದೇನೂ ಇಲ್ಲ’ ಎಂದು ನೆಮ್ಮದಿಯಿಂದ ಪುಟ ತಿರುಗಿಸಬಹುದು. ನಾವೂ ಬಹುಕಾಲ ಹಾಗೆಯೇ ಓದಿದ್ದೆವು. ಆ ಪಟ್ಟಿಯ ನಾಲ್ಕನೆಯ ವಸ್ತು ನಮ್ಮ ಮನೆಯ ಬಾಗಿಲಿಗೇ ಬಂದಿತು.

ನಾವು ಮತ್ತು ನಮ್ಮ ತಮ್ಮ ಒಂದೇ ಕಟ್ಟಡದಲ್ಲಿ ವಾಸವಾಗಿದ್ದೇವೆ. ತಂದೆಯವರ ಕಾಲದಲ್ಲಿ ಕೊಂಡ ನಿವೇಶನ. ಮೇಲಿನ ಎರಡು ಮಹಡಿಗಳಲ್ಲಿ ಎರಡು ಸಂಸಾರ, ಕೆಳಗೆ ರಸ್ತೆಗೆ ಮುಖಮಾಡಿದ ಒಂದು ಮಳಿಗೆ. ಮಳಿಗೆಯ ಬಾಡಿಗೆಯನ್ನು ಸಮನಾಗಿ ಹಂಚಿಕೊಳ್ಳುವುದು ರೂಢಿ. ಅದರಲ್ಲಿದ್ದ ಪಾತ್ರೆ ಅಂಗಡಿಯವರು ಖಾಲಿ ಮಾಡಿದ ಮೇಲೆ ನಾಲ್ಕು ತಿಂಗಳು ಷಟರ್ ಇಳಿದೇ ಇತ್ತು. ಆಗ ಬ್ರೋಕರ್ ಒಬ್ಬರು ಮದ್ಯದಂಗಡಿಯ ಲೈಸೆನ್ಸುದಾರರನ್ನು ಕರೆತಂದರು. ಹಳೆಯ ಬಾಡಿಗೆ 38 ಸಾವಿರ. ಇವರು ಕೊಡಲೊಪ್ಪಿದ್ದು 90 ಸಾವಿರ, ಜೊತೆಗೆ 10 ಲಕ್ಷ ಅಡ್ವಾನ್ಸ್. ಶಾಲೆ, ದೇವಾಲಯ, ಆಸ್ಪತ್ರೆಗಳಿಂದ ನೂರು ಮೀಟರ್ ದೂರವಿರಬೇಕೆಂಬ ನಿಯಮವನ್ನು ಅವರು ಟೇಪು ಹಿಡಿದು ಅಳೆದು ತೋರಿಸಿದರು. ಅಳತೆ ಸರಿಯಾಗಿಯೇ ಇತ್ತು. ಕಾನೂನಿನ ದೃಷ್ಟಿಯಲ್ಲಿ ಯಾವ ಅಡ್ಡಿಯೂ ಇರಲಿಲ್ಲ.

ನಾವು ಪಿಂಚಣಿದಾರರು; ಮಕ್ಕಳು ನೆಲೆ ಕಂಡಿದ್ದಾರೆ. ತಮ್ಮನ ಸ್ಥಿತಿ ಹಾಗಲ್ಲ. ಆತನ ಚಿಕ್ಕ ವೆಲ್ಡಿಂಗ್ ವರ್ಕ್‌ಶಾಪು 2020ರ ಲಾಕ್‌ಡೌನ್ ಬಳಿಕ ಚೇತರಿಸಿಕೊಳ್ಳಲಿಲ್ಲ. ಮಗ ಎಂಜಿನಿಯರಿಂಗ್ ಸೇರುವವನಿದ್ದ. ಹೀಗಿರುವಾಗ ಆತನು ನಮ್ಮೆದುರು ಕುಳಿತು ಆಡಿದ ಮಾತನ್ನು ಇಲ್ಲಿ ಬರೆಯುವುದು ಉಚಿತ. “ಅಣ್ಣಾ, ನಾವು ಕುಡಿಯೋದಿಲ್ಲ, ಮಾರೋದೂ ಇಲ್ಲ. ನಾವು ಕೊಡೋದು ನಾಲ್ಕು ಗೋಡೆ, ಒಂದು ಷಟರ್. ನಾವು ಬೇಡ ಅಂದ್ರೆ ಪಕ್ಕದವರು ಕೊಡ್ತಾರೆ. ನೀವೇ ಓದಿ ಹೇಳಿದ್ದೀರಲ್ಲ, ಬುದ್ಧ ಚೇತನೆಯನ್ನೇ ಕರ್ಮ ಅಂದಿದ್ದಾನೆ ಅಂತ. ನನ್ನ ಮನಸ್ಸಲ್ಲಿರೋದು ಹುಡುಗನ ಫೀಸು. ಯಾರನ್ನೋ ಕುಡಿಸಬೇಕು ಅಂತ ನನಗೇನು ಆಸೆಯೇ?”

ಮಾತು ತೂಕದ್ದು. ಮಾಡುವವನ ಮನಸ್ಸಿನ ಪ್ರೇರಣೆಯೇ ಕರ್ಮವೆಂದು ಬುದ್ಧನು ಹೇಳಿರುವುದು ನಿಜ. ತಿಳಿಯದೆ ತುಳಿದ ಇರುವೆಗೂ ತಿಳಿದು ತುಳಿದ ಇರುವೆಗೂ ಆತನು ಭೇದ ಮಾಡುತ್ತಾನೆ. ಆದರೆ ತಿಳಿವಳಿಕೆ ಒಮ್ಮೆ ಬಂದ ಮೇಲೆ ಅದನ್ನು ಪ್ರೇರಣೆಯಿಂದ ಬೇರೆಯಾಗಿ ಇಡಲು ಬರುವುದಿಲ್ಲ. ತಿಂಗಳು ತಿಂಗಳು 90 ಸಾವಿರ ಎಲ್ಲಿಂದ ಬರುತ್ತದೆಂದು ಬಲ್ಲ ನಾವು, ಅಂಗಡಿಯ ವ್ಯಾಪಾರ ಚೆನ್ನಾಗಿ ನಡೆಯಲೆಂದು ಒಳಗೊಳಗೇ ಹಾರೈಸದೆ ಇರಲಾರೆವು. ವ್ಯಾಪಾರ ಕುಸಿದರೆ ಬಾಡಿಗೆ ನಿಲ್ಲುವುದಷ್ಟೆ! ಸುತ್ತನಿಪಾತದ ಧಮ್ಮಿಕ ಸುತ್ತವು ಗೃಹಸ್ಥನಿಗೆ ಈ ಶೀಲವನ್ನು ಮೂರು ಮೆಟ್ಟಿಲುಗಳಲ್ಲಿ ಹೇಳುತ್ತದೆ. ತಾನು ಕುಡಿಯಬಾರದೆಂಬುದು ಮೊದಲನೆಯದು. ಇತರರಿಗೆ ಕುಡಿಸಬಾರದೆಂಬುದು ಎರಡನೆಯದು. ಕುಡಿಯುವುದಕ್ಕೆ ಸಮ್ಮತಿ ಕೊಡಬಾರದೆಂಬುದು ಮೂರನೆಯದು. ನಮ್ಮಂಥವರ ಮನೆಗಳು ಮೊದಲ ಮೆಟ್ಟಿಲಿನಲ್ಲಿ ಭದ್ರವಾಗಿ ನಿಂತಿವೆ. ಪರೀಕ್ಷೆ ನಡೆಯುವುದು ಮೂರನೆಯದರಲ್ಲಿ. ಬಾಡಿಗೆ ಕರಾರಿನ ಮೇಲೆ ಹಾಕುವ ಸಹಿಗೆ ಸಮ್ಮತಿಯೆಂಬುದಲ್ಲದೆ ಬೇರೆ ಅರ್ಥವುಂಟೆ?

ನಾಲ್ಕು ಗೋಡೆ ಕೊಟ್ಟರೆ ನಮ್ಮ ಹೊಣೆ ಗೋಡೆಯಲ್ಲಿಯೇ ಮುಗಿಯಿತೆಂಬುದನ್ನೂ ಒಪ್ಪಲಾಗಲಿಲ್ಲ. 2019ರ ನವೆಂಬರ್ 24ರಂದು ಇದೇ ಬನ್ನೇರುಘಟ್ಟ ರಸ್ತೆಯ ಮುಂದಿನ ಊರಾದ ಹುಳಿಮಾವಿನ ಕೆರೆಯ ಏರಿ ಒಡೆಯಿತು. ಒಡೆದದ್ದು ಒಂದು ಕಡೆ. ನೀರು ನುಗ್ಗಿದ್ದು ತಗ್ಗಿನಲ್ಲಿದ್ದ ನೂರಾರು ಮನೆಗಳಿಗೆ. ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲವೂ ಕೆಸರಾಯಿತು. ಆ ಮನೆಗಳವರು ಏರಿಯನ್ನು ಮುಟ್ಟಿದವರಲ್ಲ. ಇದು ಇದ್ದರೆ ಅದು ಉಂಟಾಗುತ್ತದೆ, ಇದು ಇಲ್ಲವಾದರೆ ಅದೂ ಇಲ್ಲವಾಗುತ್ತದೆ ಎಂಬ ಕಾರ್ಯಕಾರಣದ ಸರಪಳಿಯನ್ನು ಬುದ್ಧನು ಪ್ರತೀತ್ಯ ಸಮುತ್ಪಾದವೆಂದು ಬೋಧಿಸಿದನು. ಪಂಡಿತರು ಅದನ್ನು ಗಹನ ತತ್ತ್ವವೆನ್ನುತ್ತಾರೆ. ತಗ್ಗಿನ ಮನೆಯ ಗೃಹಿಣಿಗೆ ಅದು ಒಂದು ಮಧ್ಯಾಹ್ನದಲ್ಲಿ ಅರ್ಥವಾಗುತ್ತದೆ. ನಮ್ಮ ಮಳಿಗೆಯ ತಗ್ಗಿನಲ್ಲಿಯೂ ಮನೆಗಳಿವೆ. ಹಿಂದಿನ ಸಾಲಿನ ವಠಾರಗಳಲ್ಲಿ ಗಾರೆ ಕೆಲಸದವರೂ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳೂ ಇದ್ದಾರೆ. ಶನಿವಾರ ಸಂಜೆ ಕೈಗೆ ಬರುವ ಕೂಲಿ ಯಾವ ದಾರಿ ಹಿಡಿಯುವುದೋ ಎಂದು ಅವರು ಕಾಯುವುದನ್ನು ನಾವು ಬಲ್ಲೆವು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಆದರೆ ಕುಡಿಯುವ ಚಟ ಬಾಟಲಿಯ ಬಣ್ಣವನ್ನಷ್ಟೇ ಬದಲಿಸಿಕೊಂಡು ಮುಂದುವರಿದಿದೆ.

ಇಷ್ಟನ್ನು ಕೇಳಿದ ಮೇಲೆ ತಮ್ಮನು ಬಹಳ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದನು. “ಸರಿ ಅಣ್ಣಾ. ಶೀಲ ನಿಮ್ಮದು. ಸಾಲ ಮಾತ್ರ ನನ್ನದೋ?”

ಬುದ್ಧನ ನೀತಿಯ ಕುರಿತು ನಾವು ಓದಿದ ಗ್ರಂಥಗಳಲ್ಲಿ ಇಷ್ಟು ನೇರವಾದ ಪ್ರಶ್ನೆ ಕಂಡಿರಲಿಲ್ಲ. ಪಿಂಚಣಿ ಬರುವ ಅಣ್ಣನಿಗೆ ಆದರ್ಶ ಸುಲಭ. ಅದರ ಬೆಲೆ ತೆರಬೇಕಾದವನು ತಮ್ಮ. ಒಬ್ಬರು ನೀತಿಯನ್ನು ಹೇಳಿ ಮತ್ತೊಬ್ಬರು ಅದರ ಖರ್ಚನ್ನು ಹೊರುವುದಾದರೆ ಅದನ್ನು ಶೀಲವೆಂದು ಕರೆಯಲಾದೀತೇ?

ಇಲ್ಲಿ ನಮಗೆ ಸಹಾಯಕ್ಕೆ ಬಂದದ್ದು ದೀಘನಿಕಾಯದ ಸಿಗಾಲೋವಾದ ಸುತ್ತ. ಸಿಗಾಲನೆಂಬ ಗೃಹಸ್ಥನ ಮಗನು ಬೆಳಗಿನ ಜಾವ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕುಗಳಿಗೂ ಕೈಮುಗಿಯುತ್ತಿದ್ದುದನ್ನು ಬುದ್ಧನು ಕಂಡು, ದಿಕ್ಕುಗಳೆಂದರೆ ಯಾರೆಂಬುದನ್ನು ವಿವರಿಸುತ್ತಾನೆ. ಪೂರ್ವವೆಂದರೆ ತಂದೆತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಮಿತ್ರರು ಮತ್ತು ಬಂಧುಗಳು, ಕೆಳಗೆ ಕೆಲಸಗಾರರು, ಮೇಲೆ ಸಾಧುಸಂತರು. ಈ ಸುತ್ತದ ಸೊಗಸು ಇರುವುದು ಕರ್ತವ್ಯಗಳ ಜೋಡಣೆಯಲ್ಲಿ. ಮಕ್ಕಳು ತಂದೆತಾಯಿಗಳಿಗೆ ಮಾಡಬೇಕಾದುದನ್ನು ಹೇಳಿದ ಕೂಡಲೇ ತಂದೆತಾಯಿಗಳು ಮಕ್ಕಳಿಗೆ ಮಾಡಬೇಕಾದುದನ್ನೂ ಹೇಳುತ್ತದೆ. ಆಳು ಒಡೆಯನಿಗೆ ಸಲ್ಲಿಸಬೇಕಾದ ಕೆಲಸದ ಜೊತೆಗೆ ಒಡೆಯನು ಆಳಿಗೆ ಕೊಡಬೇಕಾದ ಅನ್ನ, ಕೂಲಿ, ಕಾಯಿಲೆಯಲ್ಲಿ ಆರೈಕೆ, ಕಾಲಕಾಲಕ್ಕೆ ವಿಶ್ರಾಂತಿ ಎಲ್ಲವನ್ನೂ ಎಣಿಸುತ್ತದೆ. ಅಲ್ಲಿ ಏಕಮುಖವಾದ ಕರ್ತವ್ಯವೇ ಇಲ್ಲ. ಕುಡಿತದಿಂದಾಗುವ ಆರು ಹಾನಿಗಳನ್ನು ಹೇಳುವುದೂ ಇದೇ ಸುತ್ತ: ಧನನಷ್ಟ, ಜಗಳ, ರೋಗ, ಅಪಕೀರ್ತಿ, ನಾಚಿಕೆಗೇಡು, ಬುದ್ಧಿಮಾಂದ್ಯ. ಗಳಿಕೆಯನ್ನು ನಾಲ್ಕು ಪಾಲು ಮಾಡಿ, ಒಂದನ್ನು ಉಣಲು, ಎರಡನ್ನು ಕಸುಬಿಗೆ, ಒಂದನ್ನು ಕಷ್ಟಕಾಲಕ್ಕೆ ಇಡಬೇಕೆನ್ನುವ ಲೆಕ್ಕವೂ ಇದರಲ್ಲಿಯೇ ಇದೆ. ಈ ಬೌದ್ಧ ಸಾಹಿತ್ಯವನ್ನು ಕನ್ನಡಿಗರಿಗೆ ಪರಿಚಯಿಸಲು ದುಡಿದವರಲ್ಲಿ ಜಿ. ಪಿ. ರಾಜರತ್ನಂ ಅವರು ಪ್ರಮುಖರು. ಹೆಂಡಕುಡುಕ ರತ್ನನನ್ನು ಸೃಷ್ಟಿಸಿದ ಕೈಯೇ ಬುದ್ಧನ ಶೀಲವನ್ನೂ ಕನ್ನಡಕ್ಕೆ ತಂದಿತೆಂಬುದು ನಮ್ಮ ನುಡಿಯ ಭಾಗ್ಯ.

ಮನೆಯ ಮಾತಿಗೆ ಮರಳೋಣ. ಆ ದಿನ ನಮ್ಮ ತಾಯಿಯವರೂ ಅಲ್ಲಿಯೇ ಕುಳಿತಿದ್ದರು. ಅವರಿಗೆ ಎಂಬತ್ತು ದಾಟಿದೆ. ಅವರ ತವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು. ಪ್ರತಿ ವರ್ಷ ಮಠದ ದಾಸೋಹಕ್ಕೆ ಒಂದು ಚೀಲ ಅಕ್ಕಿ ಕಳುಹಿಸುವುದು ಅವರ ನೇಮ. ಅವರು ಸುತ್ತಗಳನ್ನು ಓದಿದವರಲ್ಲ. ನಮ್ಮಿಬ್ಬರ ವಾದವನ್ನೂ ಕೇಳಿ ಹೇಳಿದ್ದಿಷ್ಟು: “ಆ ದುಡ್ಡಲ್ಲಿ ತಂದ ಅಕ್ಕೀನ ದಾಸೋಹಕ್ಕೆ ಕಳಿಸ್ತೀರೇನಪ್ಪಾ? ಹಾಗಾದ್ರೆ ಎಲ್ಲಿಂದ ಬಂತು ಅಂತ ಚೀಲದ ಮೇಲೆ ಬರೆದು ಕಳಿಸಿ.” ಆಮೇಲೆ ನಮ್ಮ ಕಡೆ ತಿರುಗಿ, “ಬೇಡ ಅನ್ನೋದಾದ್ರೆ ಹುಡುಗನ ಫೀಸಿಗೆ ನೀನೂ ಹೆಗಲು ಕೊಡಬೇಕು” ಎಂದರು.

ಶರಣರ ಕಾಯಕ ದಾಸೋಹಗಳ ತತ್ತ್ವವೂ ಬುದ್ಧನ ಸಮ್ಯಕ್ ಆಜೀವವೂ ಆ ಎರಡು ಮಾತುಗಳಲ್ಲಿ ಒಂದೆಡೆ ಕಲೆತಂತೆ ನಮಗೆ ತೋರಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಮತ್ತು ಇತರ ಶರಣರು ಗಳಿಕೆಯ ಶುದ್ಧಿಯನ್ನು ಪೂಜೆಯ ಶುದ್ಧಿಯಿಂದ ಬೇರ್ಪಡಿಸಲಿಲ್ಲ. ಪಂಚಾಚಾರಗಳಲ್ಲಿ ಸದಾಚಾರವು ನ್ಯಾಯದ ದುಡಿಮೆಯನ್ನು ಬಯಸುತ್ತದೆ. ಅದಕ್ಕಿಂತ ಸಾವಿರದ ಆರುನೂರು ವರ್ಷಗಳಿಗೂ ಹಿಂದೆ ಗಂಗೆಯ ಬಯಲಿನಲ್ಲಿ ಬುದ್ಧನು ವರ್ತಕರಿಗೆ ಕೇಳಿದ ಪ್ರಶ್ನೆಯೂ ಇದೇ: ನಿನ್ನ ಅನ್ನ ಯಾರ ಕಣ್ಣೀರಿನಿಂದಲಾದರೂ ಬಂದಿದೆಯೇ?

ತಾಯಿಯವರ ತವರಿನ ನೆಲವೂ ಈ ಮಾತಿಗೆ ಸಾಕ್ಷಿ ಹೇಳುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ತಾಯಿಯವರು ಬಾಲ್ಯದಲ್ಲಿ ಜಟಿಂಗ ರಾಮೇಶ್ವರ ಬೆಟ್ಟವನ್ನು ಎಷ್ಟೋ ಸಲ ಹತ್ತಿದ್ದರು. ದೇವರಿಗೆ ಕಾಯಿ ಒಡೆಸಿ ಇಳಿದಿದ್ದರು. ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಬರಹವಿದೆಯೆಂದು ಆಗ ಅವರಿಗೆ ಯಾರೂ ಹೇಳಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಬ್ರಹ್ಮಗಿರಿಗೆ ಹೋಗಿ ಆ ಬಂಡೆಯನ್ನು ನೋಡಿಬಂದೆವು. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರ ಮೂಲಕ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆದೇಶ ಅದು. ತಂದೆತಾಯಿಗಳ ಮತ್ತು ಹಿರಿಯರ ಮಾತು ನಡೆಸಬೇಕು, ಪ್ರಾಣಿಗಳ ಮೇಲೆ ದಯೆ ದೃಢವಾಗಿರಬೇಕು, ಸತ್ಯವನ್ನಾಡಬೇಕು, ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆಯಬೇಕು ಎಂಬುದು ಅದರ ಸಾರ. ಶ್ರೇಷ್ಠರಷ್ಟೇ ಅಲ್ಲ, ಸಾಮಾನ್ಯರೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಲ್ಲರೆಂಬ ಭರವಸೆಯೂ ಅದರಲ್ಲಿದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಕೆತ್ತಿ, ವೃತ್ತಿಯನ್ನು ಸೂಚಿಸುವ ಪದವನ್ನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಆಜ್ಞೆಯ ಕೆಳಗೆ ಒಬ್ಬ ಕಾಯಕಜೀವಿಯ ಗುರುತು! ಕಳಿಂಗ ಯುದ್ಧದ ಪಶ್ಚಾತ್ತಾಪದಿಂದ ಧರ್ಮದೆಡೆಗೆ ತೀವ್ರವಾಗಿ ಹೊರಳಿದ ಅರಸನು ಇಲ್ಲಿ ತತ್ತ್ವಚರ್ಚೆಗೆ ತೊಡಗದೆ, ಮನೆಯೊಳಗೆ ಹೇಗೆ ನಡೆಯಬೇಕೆಂಬುದನ್ನೇ ಬಂಡೆಯಲ್ಲಿ ಕೆತ್ತಿಸಿದನೆಂಬುದು ಗಮನಾರ್ಹ.

ನಾವು ತಾಯಿಯವರ ಮಾತಿನಂತೆ ನಡೆದೆವು. ಮಳಿಗೆಯನ್ನು ಝೆರಾಕ್ಸ್ ಮತ್ತು ಪುಸ್ತಕದ ಅಂಗಡಿಯವರಿಗೆ 36 ಸಾವಿರಕ್ಕೆ ಕೊಟ್ಟಾಯಿತು. ಬಾಡಿಗೆಯಲ್ಲಿ ನಮ್ಮ ಪಾಲನ್ನು ಹುಡುಗನ ಓದು ಮುಗಿಯುವವರೆಗೆ ತಮ್ಮನಿಗೆ ಬಿಟ್ಟುಕೊಟ್ಟೆವು. ಉಳಿದುದಕ್ಕೆ ತಮ್ಮನು ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಪಡೆದನು. ಜಾಮೀನಿಗೆ ನಾವು ಸಹಿ ಹಾಕಿದೆವು. ನಮ್ಮ ಮನೆಯವರು ಬಹಳ ದಿನಗಳಿಂದ ಅಂದುಕೊಂಡಿದ್ದ ಕಾಶಿ, ಕೇದಾರದ ಯಾತ್ರೆಯನ್ನು ಮುಂದಕ್ಕೆ ಹಾಕಿದರು. ಸಾಲದ ಕಂತು ಇನ್ನೂ ಹಲವು ವರ್ಷ ಇದೆ. ತಮ್ಮನ ಕೈ ಈಗಲೂ ಬಿಗಿಯಾಗಿಯೇ ಇದೆ.

ಮದ್ಯದಂಗಡಿ ಬರಲಿಲ್ಲವೇ ಎಂದು ಓದುಗರು ಕೇಳಬಹುದು. ಬಂದಿತು. ಎರಡು ಬೀದಿಗಳಾಚೆ ಬೇರೊಂದು ಕಟ್ಟಡದಲ್ಲಿ ಮೂರೇ ತಿಂಗಳಲ್ಲಿ ತೆರೆಯಿತು. ಹಿಂದಿನ ವಠಾರದ ಗಂಡಸರು ಇನ್ನೂರು ಹೆಜ್ಜೆ ಹೆಚ್ಚು ನಡೆಯುತ್ತಾರೆ, ಅಷ್ಟೆ. ನಮ್ಮ ನಿರಾಕರಣೆಯಿಂದ ಬಿಳೇಕಹಳ್ಳಿಯಲ್ಲಿ ಒಂದು ಬಾಟಲಿಯೂ ಕಡಿಮೆ ಮಾರಾಟವಾಗಿರಲಾರದು. ತಮ್ಮನು ಆಡಿದ ಮಾತು ಅಕ್ಷರಶಃ ನಿಜವಾಯಿತು. ಹಾಗಾದರೆ ಶೀಲದ ಫಲವೇನು? ಲೋಕವನ್ನು ತಿದ್ದುವ ಮಾತಿರಲಿ, ಮೊದಲು ತನ್ನ ಕೈ ಎಲ್ಲಿದೆಯೆಂದು ನೋಡಿಕೊಳ್ಳುವುದೇ ಶೀಲವೆಂದು ನಾವು ತಿಳಿದಿದ್ದೇವೆ. ಇನ್ನೊಂದು ಫಲವನ್ನೂ ಕಂಡೆವು. ಕಳೆದ ವರ್ಷ ಆ ಹುಡುಗನಿಗೆ ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಆಯ್ಕೆ ಬಂದಾಗ, ಹಣ ಪಣವಿಡುವ ಆಟದ ಆಪ್ ತಯಾರಿಸುವ ಕಂಪನಿಯೊಂದು ಹೆಚ್ಚಿನ ಸ್ಟೈಪೆಂಡ್ ಕೊಡುವುದಾಗಿ ಹೇಳಿತಂತೆ. ಅವನು ಬೇರೆಡೆ ಹೋದನು. ಕಾರಣ ಕೇಳಿದರೆ, “ದೊಡ್ಡಪ್ಪಾ, ಅಜ್ಜಿ ಚೀಲದ ಮೇಲೆ ಬರಿ ಅಂದ್ರೆ ಏನು ಬರೀಲಿ?” ಎಂದು ನಕ್ಕನು. ಮುಂದೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಕಾನೂನು ಬರುವ ಮುನ್ನವೇ ಹುಡುಗನು ತನ್ನ ಲೆಕ್ಕವನ್ನು ಮುಗಿಸಿದ್ದನು.

ಬುದ್ಧನ ಐದು ವ್ಯಾಪಾರಗಳ ಪಟ್ಟಿ ಇಂದು ಬೇರೆ ಬೇರೆ ವೇಷಗಳಲ್ಲಿ ನಮ್ಮ ಮಕ್ಕಳ ಮುಂದೆ ನಿಲ್ಲುತ್ತದೆ. ನಿವೇಶನ ಮಾರುವಾಗ ಕ್ರಯಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು ಬೆಲೆ ಎಂಬ ರೂಢಿ ಸುಳ್ಳಾಡದಿರುವ ಶೀಲವನ್ನು ಮುರಿಯುತ್ತದೆ. ರಾಜಕಾಲುವೆಯ ಅಂಚನ್ನು ನಾಲ್ಕಡಿ ಒಳಗೆ ಸೇರಿಸಿಕೊಂಡ ಕಾಂಪೌಂಡು ಕೊಡದುದನ್ನು ತೆಗೆದುಕೊಂಡಂತೆಯೇ. ಮನೆಗೆಲಸದಾಕೆಗೆ ಕಾಯಿಲೆ ಬಂದ ದಿನಗಳ ಸಂಬಳ ಹಿಡಿಯುವುದು ಸಿಗಾಲನಿಗೆ ಹೇಳಿದ ಕೆಳಗಿನ ದಿಕ್ಕಿಗೆ ಬೆನ್ನು ತಿರುಗಿಸಿದಂತೆ. ಇವೆಲ್ಲವೂ ಚಿಕ್ಕ ಸಂಗತಿಗಳು. ಆದರೆ ನಮ್ಮ ಪಾಲಿಗೆ ಬರುವ ಪರೀಕ್ಷೆಗಳು ಇವೇ. ಅಂಗುಲಿಮಾಲನನ್ನು ಎದುರಿಸುವ ಪ್ರಸಂಗ ನಮಗೆ ಬರಲಾರದು.

ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿಯಿದೆ. ಆಸಕ್ತರು ಅಲ್ಲಿಗೆ ಹೋಗಿ ಬೌದ್ಧ ಗ್ರಂಥಗಳನ್ನು ನೋಡಬಹುದು. ಅದೇ ವರ್ಷ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಬೌದ್ಧ ಧರ್ಮವನ್ನು ಸ್ವೀಕರಿಸಿ, ನಡತೆಯೇ ಧರ್ಮದ ತಿರುಳೆಂಬುದನ್ನು ದೇಶಕ್ಕೆ ನೆನಪಿಸಿದರು. ನಮ್ಮ ಧರ್ಮವನ್ನು ಬಿಡದೆಯೂ ನಾವು ಈ ಪಾಠವನ್ನು ಕಲಿಯಬಹುದು. ಕಲಿತರೆ ನಮ್ಮ ಕಾಯಕತತ್ತ್ವವೇ ಇನ್ನಷ್ಟು ಹೊಳಪು ಪಡೆಯುತ್ತದೆ.

ಓದುಗ ಬಂಧುಗಳಲ್ಲಿ ನಮ್ಮ ವಿನಮ್ರ ಅರಿಕೆ ಇಷ್ಟು. ಮನೆಗೆ ಬರುವ ಹಣ ಯಾವ ದಾರಿಯಲ್ಲಿ ಬರುತ್ತಿದೆಯೆಂದು ವರ್ಷಕ್ಕೊಮ್ಮೆಯಾದರೂ ಮನೆಮಂದಿಯೆಲ್ಲ ಕುಳಿತು ವಿಚಾರಿಸೋಣ. ಕೆಟ್ಟ ದಾರಿಯ ಹಣವನ್ನು ಬೇಡವೆನ್ನುವಾಗ, ಅದರಿಂದ ಯಾರಿಗೆ ಕಷ್ಟವಾಗುವುದೆಂದು ಅದೇ ಉಸಿರಿನಲ್ಲಿ ಕೇಳೋಣ. ಆ ಕಷ್ಟಕ್ಕೆ ನಮ್ಮ ಹೆಗಲನ್ನೂ ಕೊಡೋಣ. ಹಾಗೆ ಹಂಚಿಕೊಂಡಾಗ ಶೀಲವು ಒಬ್ಬರ ಹಟವಾಗದೆ ಇಡೀ ಮನೆಯ ಆಚಾರವಾಗಿ ಉಳಿಯುತ್ತದೆ.